ನಂಗ್ ಮೀನಿಗೆ ಎರಡೂ ಕಣ್ಣು ಒಂದೇ ಕಡೆ ಯಾಕೆ?

ವಿಜಯನಗರದವನು:
ಶಿವಾಜಿನಗರದ ರಸೆಲ್ ಮಾರ್ಕೆಟ್‌ನಿಂದ ನಂಗ್ ತಂದೆ. ನಮ್ಮದು ಮಂಡ್ಯ ಕಡೆ, ಕೆರೆ ಮೀನು ಬಿಟ್ಟರೆ ಬೇರೆ ಅಷ್ಟಾಗಿ ಗೊತ್ತಿಲ್ಲ. ಮೀನು ಎಲೆ ಥರ ತೆಳ್ಳಗಿದೆ, ಒಂದು ಮೈ ಕಂದು, ಇನ್ನೊಂದು ಬಿಳಿ. ಎರಡೂ ಕಣ್ಣು ಕಂದು ಕಡೆಯೇ ಇವೆ, ಬಾಯಿ ಬೇರೆ ಸೊಟ್ಟ. ಹುಟ್ಟುವಾಗಲೇ ಹೀಗಾ? ಪಾಂಫ್ರೆಟ್ ಕೂಡ ಚಪ್ಪಟೆ ಅಲ್ವಾ, ಅದಕ್ಕೆ ಯಾಕೆ ಹೀಗಿಲ್ಲ? ಇನ್ನೊಂದು, ಮಳೆ ಕಡಿಮೆಯಾದ ಮೇಲೇ ಇದು ಜಾಸ್ತಿ ಬರುತ್ತದೆ ಎಂದರು ಅಂಗಡಿಯವರು. ಯಾಕೆ?

ಉಳ್ಳಾಲ_ಬನಶಂಕರಿ:
ಪಾಂಫ್ರೆಟ್, ಅಂದರೆ ನಮ್ಮ ಮಾಂಜಿ, ನೆಟ್ಟಗೆ ಈಜುವ ಮೀನು. ಅದರ ಮೈ ಎರಡು ಪಕ್ಕದಿಂದ ಒತ್ತಿದಂತಿದೆ ಅಷ್ಟೇ, ಕಣ್ಣು ಆ ಕಡೆ ಒಂದು ಈ ಕಡೆ ಒಂದು. ನಂಗ್ ಹಾಗಲ್ಲ, ಪಕ್ಕಕ್ಕೆ ಮಲಗಿ ಬದುಕುತ್ತದೆ. ನಿಮಗೆ ಬೆನ್ನು ಅನ್ನಿಸಿದ್ದು ಅದರ ಎಡಮೈ. ಬಿಳಿ ಇರುವುದು ಬಲಮೈ, ಅದು ಸದಾ ನೆಲಕ್ಕೆ ತಾಗಿಕೊಂಡಿರುತ್ತದೆ.

ಮಳೆಯ ವಿಷಯಕ್ಕೆ ಬಂದರೆ, ಜೂನ್, ಜುಲೈ ಪೂರ್ತಿ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟ್, ಅಂದರೆ ದೊಡ್ಡ ಬಲೆ ಎಳೆದು ಮೀನು ಹಿಡಿಯುವ ಬೋಟ್, ಕಡಲಿಗೆ ಇಳಿಯುವಂತಿಲ್ಲ. ಆಮೇಲೆ ಮೀನು ಬರುತ್ತದೆ, ಅಷ್ಟೇ.

ಕೆಸರಂಚು:
ಅಷ್ಟೇ ಅಲ್ಲ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಬಂದದ್ದು 1988ರಲ್ಲಿ. ಕಲ್ಲಿಕೋಟೆಯಲ್ಲಿ ಈ ಮೀನಿನ ಬಗ್ಗೆ ಸಂಶೋಧನೆ ನಡೆದದ್ದು 1950ರ ದಶಕದಲ್ಲಿ, ಆಗ ನಿಷೇಧವೂ ಇರಲಿಲ್ಲ, ಈಗಿನಷ್ಟು ಬೋಟೂ ಇರಲಿಲ್ಲ. ಆಗಲೂ ಮಳೆಯ ಅಬ್ಬರ ಇಳಿಯುತ್ತಿದ್ದಂತೆ ಇವು ದಡದ ಹತ್ತಿರ ಹಿಂಡಾಗಿ ಸಿಗುತ್ತಿದ್ದವು. ಮುಂಗಾರಿನಲ್ಲಿ ಕಡಲ ತಳದ ತಣ್ಣನೆ ನೀರು ಮೇಲೆದ್ದು ದಡದ ಕಡೆ ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ತಳದಲ್ಲಿ ಬದುಕುವ ಮೀನುಗಳು ಜಾಗ ಬಿಡಲೇಬೇಕಾಗುತ್ತದೆ. ನನಗೆ ತುಂಬಾ ಇಷ್ಟವಾದ ವಿಷಯ ಬೇರೆ: ಮಳೆಗಾಲದಲ್ಲಿ ಇದಕ್ಕೆ ಹೊಟ್ಟೆ ತುಂಬ ತಿನ್ನಲು ಸಿಗುವುದಿಲ್ಲ, ಬೆಳವಣಿಗೆ ನಿಧಾನವಾಗಿ ಹುರುಪೆಯ ಮೇಲೆ ಒಂದು ಉಂಗುರ ಮೂಡುತ್ತದೆ, ಅದನ್ನು ಎಣಿಸಿ ವಯಸ್ಸು ಹೇಳಬಹುದು ಎಂದು ಆಗಲೇ ತೋರಿಸಿದ್ದರು. ಚಳಿಗಾಲವೇ ಇಲ್ಲದ ಕಡಲಿನ ಮೀನಿಗೆ ಮಳೆಯೇ ಲೆಕ್ಕ ಬರೆಯುವುದು!

ಮಾರ್ಕೆಟ್‌ಗೆ ಬರುವ ಪುಟ್ಟ ನಂಗ್ ಹೆಚ್ಚಾಗಿ ಸೈನೋಗ್ಲಾಸಸ್ ಮ್ಯಾಕ್ರೊಸ್ಟೋಮಸ್, ಅಂದರೆ ಮಲಬಾರ್ ಸೋಲ್. ಹುಟ್ಟುವಾಗ ಮಾಮೂಲಿ ಮೀನಿನ ಹಾಗೇ ಇರುತ್ತದೆ. ಮೊಟ್ಟೆ ನೀರಲ್ಲಿ ತೇಲುತ್ತದೆ. ಮರಿಗೆ ಎರಡು ಪಕ್ಕಕ್ಕೂ ಒಂದೊಂದು ಕಣ್ಣು, ನೆಟ್ಟಗೇ ಈಜುತ್ತದೆ. ಸ್ವಲ್ಪ ದೊಡ್ಡದಾದಾಗ ಥೈರಾಯ್ಡ್ ಹಾರ್ಮೋನು ಏರಿ ಮೈ ಬದಲಾಗುತ್ತದೆ, ಬಲಗಣ್ಣು ತಲೆ ದಾಟಿ ಎಡಕ್ಕೆ ಬರುತ್ತದೆ. ಆಮೇಲೆ ತಳ ಸೇರಿ ಮಲಗುತ್ತದೆ. ಆಳವಿಲ್ಲದ ನೀರಿನ ಕೆಸರು, ಮರಳೇ ಇದರ ಮನೆ. ತಿನ್ನುವುದು ಕೆಸರಿನ ಹುಳ, ಪುಟ್ಟ ಸಿಗಡಿ ಜಾತಿಯವು. ಪಕ್ಕದ ರೆಕ್ಕೆ ಇಲ್ಲ, ಮೇಲಿನದೂ ಕೆಳಗಿನದೂ ಬಾಲಕ್ಕೆ ಕೂಡಿಕೊಂಡು ಸುತ್ತ ಒಂದೇ ಅಂಚು.

ವಿಜಯನಗರದವನು:
ಕಣ್ಣು ನಡೆದುಕೊಂಡು ಹೋಗುತ್ತದಾ! ಅರ್ಧ ದಾರಿಯಲ್ಲಿ ಕಣ್ಣಿರುವ ಮೀನು ಯಾವುದಾದರೂ ಇದೆಯಾ?

ಕೆಸರಂಚು:
ಇತ್ತು. ಡಾರ್ವಿನ್ ಕಾಲದಲ್ಲಿ ಇದೇ ದೊಡ್ಡ ಜಗಳ, ಜೀವಿಗಳು ಸ್ವಲ್ಪ ಸ್ವಲ್ಪವಾಗಿ ಬದಲಾಗಿ ಬಂದಿದ್ದರೆ ಅರ್ಧ ಸರಿದ ಕಣ್ಣಿನಿಂದ ಏನು ಲಾಭ ಎಂದು. 2008ರಲ್ಲಿ ಪಳೆಯುಳಿಕೆ ವಿಜ್ಞಾನಿ ಮ್ಯಾಟ್ ಫ್ರೀಡ್‌ಮನ್, ಸುಮಾರು 5 ಕೋಟಿ ವರ್ಷ ಹಳೆಯ ಆಂಫಿಸ್ಟಿಯಮ್ ಎಂಬ ಮೀನಿನ ಪಳೆಯುಳಿಕೆ ನೋಡಿ, ಒಂದು ಕಣ್ಣು ಅರ್ಧವಷ್ಟೇ ಮೇಲೆ ಸರಿದದ್ದನ್ನು ತೋರಿಸಿದರು. ಮರಿಯಲ್ಲ, ಬೆಳೆದ ಮೀನು.

ಉಳ್ಳಾಲ_ಬನಶಂಕರಿ:
ಪಳೆಯುಳಿಕೆ ಇರಲಿ, ಚರ್ಮ ಸುಲಿದಿರಾ? ತಲೆ ಹತ್ತಿರ ಗೀರಿ ಬಾಲದ ಕಡೆಗೆ ಒಮ್ಮೆ ಎಳೆದರೆ ಪೂರ್ತಿ ಬರುತ್ತದೆ. ಕೈ ಜಾರಿದರೆ ಉಪ್ಪು ಹಚ್ಚಿಕೊಳ್ಳಿ. ಆಮೇಲೆ ಮಸಾಲೆ, ರವೆ, ಕಾವಲಿ. ಹೋಟೆಲ್‌ಗಳಲ್ಲಿ ಸೋಲ್ ಫಿಲೆ ಎಂದು ದಪ್ಪ ಬಿಳಿ ತುಂಡು ಕೊಟ್ಟರೆ ಮಾತ್ರ ನಂಬಬೇಡಿ. ಗೇಣುದ್ದ ಕೂಡ ದಾಟದ ಮೀನಿನಲ್ಲಿ ಅಷ್ಟು ಮಾಂಸ ಎಲ್ಲಿಂದ ಬರಬೇಕು? ಬಾಸಾ ಎಂಬ ಬೇರೆಯೇ ಮೀನು ಇದ್ದರೂ ಇರಬಹುದು.