60 ಸಾವಿರದೊಳಗೆ ಮನೆಮಂದಿಗೆಲ್ಲ ಒಂದೇ ಲ್ಯಾಪ್‌ಟಾಪ್, ಸಿನಿಮಾ ಫೋಟೋ ಮಗಳ ಓದು ಎಲ್ಲಕ್ಕೂ ಆಗ್ಬೇಕು, ಏನು ನೋಡಿ ತಗೊಳ್ಳೋದು?

ನಾಪೋಕ್ಲು_ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮನೆ ಕೊಡಗಿನ ನಾಪೋಕ್ಲು ಹತ್ರ, ಅಪ್ಪ ಅಮ್ಮ, ನಾವಿಬ್ರು, ಎಂಟನೇ ಕ್ಲಾಸ್ ಮಗಳು. 2017ರಲ್ಲಿ ತಗೊಂಡ ಲ್ಯಾಪ್‌ಟಾಪ್ ಒಂದಿದೆ, ಆರನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕು, ಆನ್ ಆಗೋಕೇ ಐದು ನಿಮಿಷ ಬೇಕು. ವಿಂಡೋಸ್ 10ಕ್ಕೆ 2025 ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತೋಯ್ತು, 11 ಹಾಕೋಣ ಅಂದ್ರೆ ಪ್ರೊಸೆಸರ್ ಹಳೇದು ಆಗಲ್ಲ ಅಂತ ಬರ್ತಿದೆ, ಹಾಗಾಗಿ ಈ ಸಲ ಕಾಫಿ ದುಡ್ಡು ಬಂದ ಕೂಡ್ಲೇ ಹೊಸದು ತಗೊಳ್ಳೋದು ಅಂತ ತೀರ್ಮಾನ ಮಾಡಿದ್ದೀವಿ.

ಗೇಮ್ ಯಾರೂ ಆಡಲ್ಲ. ರಾತ್ರಿ ಊಟ ಆದ್ಮೇಲೆ ಎಲ್ರೂ ಕೂತು ಸಿನಿಮಾ ನೋಡೋದು, ಅಮ್ಮಂಗೆ ಯೂಟ್ಯೂಬ್, ನನ್ನ ಕ್ಯಾಮೆರಾದ ಫೋಟೋ ಸ್ವಲ್ಪ ಸರಿ ಮಾಡೋದು, ಮಗಳ ಸ್ಕೂಲ್ ಪ್ರಾಜೆಕ್ಟು, ತೋಟದ ಲೆಕ್ಕ, ಇಷ್ಟೇ. ಮೈಸೂರಲ್ಲಿ ಅಂಗಡಿಗೆ ಹೋದಾಗ ಎರಡು ತೋರಿಸಿದ್ರು, ಒಂದು 13ನೇ ಜನರೇಶನ್ ಐ5 ಎಚ್ ಪ್ರೊಸೆಸರ್, 8 ಜಿಬಿ, ಇನ್ನೊಂದು ರೈಜನ್ 5 7530ಯು, 16 ಜಿಬಿ. ಎರಡಕ್ಕೂ 512 ಜಿಬಿ ಎಸ್‌ಎಸ್‌ಡಿ, ರೇಟು ಹೆಚ್ಚು ಕಮ್ಮಿ ಒಂದೇ. ಅಂಗಡಿಯವ್ರು ಐ5ನೇ ತಗೊಳ್ಳಿ ಸ್ಪೀಡ್ ಜಾಸ್ತಿ ಅಂದ್ರು. ಪದೇ ಪದೇ ಮೈಸೂರಿಗೆ ಓಡಾಡೋಕಾಗಲ್ಲ, ಒಂದೇ ಸಲಕ್ಕೆ ಸರಿಯಾಗಿ ತಗೋಬೇಕು, ಗೊತ್ತಿರೋರು ದಯವಿಟ್ಟು ಹೇಳಿ.

ಕುಶಾಲನಗರ_ಸ್ಟುಡಿಯೋ:

ನೀವು ಸ್ಕ್ರೀನ್ ಬಗ್ಗೆ ಒಂದು ಮಾತೂ ಬರೆದಿಲ್ಲ, ಅಂಗಡಿಯವ್ರೂ ಹೇಳಿರಲ್ಲ. ನಾನು ಮದುವೆ ಫೋಟೋ ವಿಡಿಯೋ ಮಾಡೋನು, ದಿನಾ ಜನ ನನ್ನ ಹತ್ರ ಬಂದು ನಮ್ಮನೆ ಲ್ಯಾಪ್‌ಟಾಪಲ್ಲಿ ಆಲ್ಬಮ್ ಬೇರೆ ಥರ ಕಾಣ್ತಿದೆ ಅಂತ ಕೇಳ್ತಾರೆ, ತೊಂದ್ರೆ ಫೋಟೋದ್ದಲ್ಲ, ಪ್ಯಾನೆಲ್ ಅಂದ್ರೆ ಸ್ಕ್ರೀನ್‌ದು. ಈ ರೇಟಿನ ಲ್ಯಾಪ್‌ಟಾಪಲ್ಲಿ ಬಹಳಷ್ಟಕ್ಕೆ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಬರ್ದಿರೋ ಪ್ಯಾನೆಲ್ ಹಾಕಿರ್ತಾರೆ, ಅಂದ್ರೆ ಸಾಧಾರಣ ಫೋಟೋ ವಿಡಿಯೋದಲ್ಲಿರೋ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲಷ್ಟೇ ಅದು ತೋರಿಸೋದು. ಕೆಂಪು ಸೀರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ, ತೋಟದ ಹಸಿರು ಒಣಗಿದಂಗೆ ಕಾಣುತ್ತೆ. 100 ಪರ್ಸೆಂಟ್ ಎಸ್‌ಆರ್‌ಜಿಬಿ ಅಂತ ಇದ್ರೆ ಆ ಬಣ್ಣ ಎಲ್ಲಾ ಬರುತ್ತೆ, ಕಣ್ಣು ಮುಚ್ಕೊಂಡು ಅದನ್ನ ತಗೊಳ್ಳಿ, ಪ್ರೊಸೆಸರ್ ಒಂದು ಮೆಟ್ಲು ಕೆಳಗಿದ್ರೂ ಪರ್ವಾಗಿಲ್ಲ. ಪ್ರೊಸೆಸರ್ ಸ್ವಲ್ಪ ನಿಧಾನ ಅಂತ ನಿಮ್ಮನೇಲಿ ಯಾರಿಗೂ ಗೊತ್ತಾಗಲ್ಲ, ಸ್ಕ್ರೀನ್ ಮಾತ್ರ ಐದಾರು ವರ್ಷ ಐದು ಜನಾನೂ ದಿನಾ ನೋಡ್ಬೇಕು.

ಇನ್ನೊಂದು, ಒಂದೇ ಮಾಡೆಲ್ ಹೆಸರಲ್ಲಿ ಎರಡ್ಮೂರು ಥರದ ಪ್ಯಾನೆಲ್ ಬರುತ್ತೆ, ಡಬ್ಬದ ಮೇಲಿರೋ ಪೂರ್ತಿ ನಂಬರ್ ಫೋಟೋ ಹೊಡ್ಕೊಂಡು ಕಂಪನಿ ಸೈಟಲ್ಲಿ ಅದೇ ನಂಬರ್ ಹುಡುಕಿ ನೋಡಿ, ಅಂಗಡೀಲಿ ಇಟ್ಟಿರೋ ಡೆಮೋ ಪೀಸ್ ಚೆನ್ನಾಗಿದೆ ಅಂತ ನಿಮಗೆ ಕೊಡೋದೂ ಅದೇ ಆಗಿರುತ್ತೆ ಅನ್ಕೋಬೇಡಿ. ಬ್ರೈಟ್‌ನೆಸ್ 250 ನಿಟ್ಸ್ ಇದ್ರೆ ರಾತ್ರಿಗೆ ಸಾಕು, ಆದ್ರೆ ನೀವು ಹಗಲು ಜಗಲೀಲಿ ಕೂತು ತೋಟದ ಲೆಕ್ಕ ಬರಿಯೋದಾದ್ರೆ 300 ಆದ್ರೂ ಬೇಕು. ಪೆನ್‌ಡ್ರೈವಲ್ಲಿ ನಿಮ್ಮದೇ ಹತ್ತು ಫೋಟೋ, ಮನೆಯ ಒಂದು ಮದುವೆ ವಿಡಿಯೋ ಹಾಕ್ಕೊಂಡು ಹೋಗಿ. ಮೊಬೈಲ್ ಪಕ್ಕದಲ್ಲಿಟ್ಟು ಅದೇ ಫೋಟೋ ಎರಡರಲ್ಲೂ ನೋಡಿ, ಆಮೇಲೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಿ, ಯಾಕಂದ್ರೆ ಮನೇಲಿ ಐದು ಜನ ಕೂತ್ರೆ ನೆಟ್ಟಗೆ ಎದುರಿಗೆ ಇರೋದು ಒಬ್ರೇ.

ಸೋಮವಾರಪೇಟೆ_ಬೆಂಗಳೂರು:

ಸ್ಟುಡಿಯೋದವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಪ್ರೊಸೆಸರ್ ನಂಬರ್ ಓದೋದು ನಾನು ಹೇಳ್ತೀನಿ, ಇದರಲ್ಲಿ ಮೋಸ ಹೋಗೋರು ಬಹಳ ಜನ. ರೈಜನ್ 7000 ಸೀರೀಸಲ್ಲಿ ಮೊದಲನೇ ಅಂಕಿ ನೋಡಿ ಹೊಸದು ಅನ್ಕೋತಾರೆ, ಒಳಗಿನ ಕೋರ್ ಯಾವ ಕಾಲದ್ದು ಅಂತ ಹೇಳೋದು ಮೂರನೇ ಅಂಕಿ. 7520ಯು ಅಂದ್ರೆ ಮೂರನೇದು 2, ಅದು 2019ರ ಝೆನ್ 2 ಅನ್ನೋ ಹಳೇ ಕೋರ್, ಜೊತೆಗೆ ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ ಮುಂದೆ ಜಾಸ್ತಿ ಮಾಡೋಕೆ ಬರಲ್ಲ, ಅದನ್ನ ಯಾರು ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ನಿಮಗೆ ತೋರಿಸಿದ 7530ಯು ಅದಕ್ಕಿಂತ ಹೊಸ ಝೆನ್ 3, ಮನೆ ಕೆಲಸಕ್ಕೆ ಬೇಕಾದಷ್ಟಾಯ್ತು. ಅದರಲ್ಲಿ ಒಂದೇ ಕೊರತೆ, ಯೂಟ್ಯೂಬ್ ಈಗ ಎಷ್ಟೋ ವಿಡಿಯೋನ ಎವಿ1 ಅನ್ನೋ ಫಾರ್ಮ್ಯಾಟಲ್ಲಿ ಕಳಿಸುತ್ತೆ, ಅದನ್ನ ಬಿಚ್ಚೋ ಹಾರ್ಡ್‌ವೇರ್ ಇದರ ಗ್ರಾಫಿಕ್ಸಲ್ಲಿಲ್ಲ, ಇಂಟೆಲ್‌ದು 11ನೇ ಜನರೇಶನ್‌ನಿಂದ ಈಚೆಗೆ ಇದೆ. ಇಲ್ದೇ ಇದ್ರೂ ವಿಡಿಯೋ ಓಡುತ್ತೆ, ಪ್ರೊಸೆಸರೇ ಆ ಕೆಲಸ ಮಾಡ್ಬೇಕಾಗುತ್ತೆ ಹಾಗಾಗಿ ಬಿಸಿ ಜಾಸ್ತಿ, ಬ್ಯಾಟರಿ ಬೇಗ ಖಾಲಿ. ಅಮ್ಮ ಗಂಟೆಗಟ್ಲೆ ಯೂಟ್ಯೂಬ್ ನೋಡೋರಾದ್ರೆ ಇದನ್ನ ಲೆಕ್ಕಕ್ಕೆ ತಗೊಳ್ಳಿ.

ಐ5 ಎಚ್ ಅಂದ್ರೆ 45 ವ್ಯಾಟ್ ಲೆಕ್ಕದ ಪ್ರೊಸೆಸರ್, ಯು ಅಂದ್ರೆ 15 ವ್ಯಾಟ್. ವಿಡಿಯೋ ಎಡಿಟಿಂಗ್ ದಿನಾ ಮಾಡೋರಿಗೆ ಎಚ್ ಸರಿ, ನಿಮಗೆ ಅದರ ಫ್ಯಾನ್ ಶಬ್ದ ಮಾತ್ರ ಸಿಗೋದು. ಅದಕ್ಕಿಂತ ಮುಖ್ಯ ರ‍್ಯಾಮ್. 8 ಜಿಬಿಯ ಒಂದೇ ಸ್ಟಿಕ್ (ರ‍್ಯಾಮ್ ಪಟ್ಟಿ) ಹಾಕಿ ಮಾರ್ತಾರೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ದಿರೋ ಲ್ಯಾಪ್‌ಟಾಪಲ್ಲಿ ಗ್ರಾಫಿಕ್ಸೂ ಇದೇ ರ‍್ಯಾಮ್‌ನೇ ಬಳಸ್ಕೊಳ್ಳೋದು, ಒಂದೇ ಸ್ಟಿಕ್ ಆದ್ರೆ ಡೇಟಾ ಓಡಾಡೋ ದಾರಿ ಅರ್ಧ ಆಯ್ತು. ಅಂಗಡೀಲೇ ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ಒತ್ತಿ ನೋಡಿ, ಎರಡು ಸ್ಲಾಟಲ್ಲಿ ಒಂದು ಮಾತ್ರ ಬಳಕೇಲಿದೆ ಅಂತ ಬಂದ್ರೆ ಇನ್ನೊಂದು 8 ಜಿಬಿ ಅಲ್ಲೇ ಹಾಕಿಸ್ಕೊಳ್ಳಿ, ವಾರಂಟಿಗೆ ತೊಂದ್ರೆ ಇಲ್ಲ ಅಂತ ಬಿಲ್ಲಲ್ಲಿ ಬರೆಸ್ಕೊಳ್ಳಿ. ಟಿವಿಗೆ ಹಚ್ಚೋ ಆಸೆ ಇದ್ರೆ ಎಚ್‌ಡಿಎಂಐ ಎಷ್ಟನೇದು ಅಂತಲೂ ಕೇಳಿ, 1.4 ಆದ್ರೆ 4ಕೆ ಟಿವೀಲಿ ಸೆಕೆಂಡಿಗೆ 30 ಫ್ರೇಮ್ ಅಷ್ಟೇ.

ಭಾಗಮಂಡಲ_ಟೀಚರ್:

ಇವರಿಬ್ರು ಹೇಳಿದ್ದು ಎಲ್ಲಾ ಊರಿಗೂ ಸರಿ. ನಮ್ಮ ಕಡೆಗೆ ಬೇರೆ ಒಂದು ಲೆಕ್ಕ ಇದೆ, ಅದು ಮಳೆ.

ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟ್ ಹೊತ್ತಿನ ಜೋರು ಮಳೇಲಿ, ತಗಡಿನ ಶೀಟ್ ಕೆಳಗೆ ಕೂತು ಸಿನಿಮಾ ಹಾಕಿ ನೋಡಿ, ಲ್ಯಾಪ್‌ಟಾಪ್ ಸ್ಪೀಕರ್ 2 ವ್ಯಾಟಿಂದು, ಅದೂ ಹೊಟ್ಟೆ ಕೆಳಗೆ ಟೇಬಲ್ ಕಡೆ ಮುಖ ಮಾಡಿರುತ್ತೆ, ಮಳೆ ಶಬ್ದಕ್ಕೆ ಒಂದು ಮಾತೂ ಕೇಳಲ್ಲ. ನಮ್ಮತ್ತೆಗೆ ಕಿವಿ ಸ್ವಲ್ಪ ಮಂದ, ಎರಡು ಮಳೆಗಾಲ ಅವರು ಬರೀ ಚಿತ್ರ ನೋಡ್ಕೊಂಡು ಕೂತಿದ್ರು, ನಮಗೆ ಅದು ಹೊಳೀಲೇ ಇಲ್ಲ. ಆಮೇಲೆ ಒಂದು ಸಣ್ಣ ಸೌಂಡ್‌ಬಾರ್ ತಂದ್ವಿ, ಮೊದಲನೇ ದಿನ ಅವರ ಮುಖ ನೋಡ್ಬೇಕಿತ್ತು ನೀವು. ಹಾಗಾಗಿ ಸ್ಪೀಕರ್ ಕೀಬೋರ್ಡಿನ ಎರಡು ಪಕ್ಕ ಮೇಲ್ಮುಖವಾಗಿರೋದು ಸಿಕ್ರೆ ಒಳ್ಳೇದು, ಸಿಗದಿದ್ರೆ 60ರಲ್ಲಿ ಮೂರು ಸಾವಿರ ಹೊರಗಿನ ಸ್ಪೀಕರಿಗೆ ಅಂತ ಎತ್ತಿಟ್ಟೇ ಬಜೆಟ್ ಹಾಕಿ.

ಇನ್ನು ತೇವ. ಮಳೆಗಾಲದಲ್ಲಿ ಬ್ಯಾಗೊಳಗೆ ಮುಚ್ಚಿಡೋದೇ ತಪ್ಪು, ದಿನಾ ಒಂದು ಗಂಟೆ ಆನ್ ಮಾಡಿದ್ರೆ ಅದರದ್ದೇ ಬಿಸಿಗೆ ಒಳಗೆ ಒಣಗಿರುತ್ತೆ. ನಮ್ಮ ಹಳೇದನ್ನ ಜೂನ್‌ನಿಂದ ಆಗಸ್ಟ್ ತನಕ ಬೀರುವಲ್ಲಿಟ್ಟು ತೆಗೆದಾಗ ಬ್ಯಾಗಿಗೆಲ್ಲ ಬೂಷ್ಟು, ಯುಎಸ್‌ಬಿ ಪೋರ್ಟಲ್ಲಿ ಹಸಿರು ಕಟ್ಟಿತ್ತು. ಸರ್ವಿಸಿಗೆ ಕೊಟ್ರೆ ನೀರು ಬಿದ್ದಿದೆ ವಾರಂಟಿ ಬರಲ್ಲ ಅಂದ್ರು, ನೀರು ಬಿದ್ದೇ ಇಲ್ಲ ಅಂತ ಎಷ್ಟು ಹೇಳಿದ್ರೂ ಒಪ್ಪಲಿಲ್ಲ, ಬೋರ್ಡ್ ಬದಲಾಯಿಸೋಕೆ ಕೈಯಿಂದ್ಲೇ ಕೊಟ್ವಿ, ಇವತ್ತಿಗೂ ಬೇಜಾರಿದೆ. ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ, ಒಲೆ ಮನೇಲಿ ಬೆಚ್ಚಗಿರುತ್ತೆ ಅಂತ ಅಲ್ಲಿಡಬೇಡಿ, ಹೊಗೆ ಮಸಿ ಫ್ಯಾನೊಳಗೆ ಹೋಗುತ್ತೆ.

ಏಪ್ರಿಲ್ ಮೇ ಸಿಡಿಲಿಗೆ ಸ್ಪೈಕ್‌ಗಾರ್ಡ್ ನಂಬ್ಕೊಂಡು ಕೂರಬೇಡಿ, ಗುಡುಗು ಶುರುವಾದ ಕೂಡ್ಲೇ ಚಾರ್ಜರ್ ಕಿತ್ತುಬಿಡಿ. ನೆಟ್ ಕೇಬಲ್ ಲ್ಯಾಪ್‌ಟಾಪಿಗೆ ನೇರ ಹಾಕಬೇಡಿ, ಆ ಕೇಬಲಲ್ಲೂ ಸಿಡಿಲು ಬರುತ್ತೆ, ವೈಫೈ ಸಾಕು.

ಗೋಣಿಕೊಪ್ಪ_ಕೇಬಲ್:

ಕರೆಂಟ್ ಇಲ್ದಾಗ ಎಷ್ಟೊತ್ತು ಬರುತ್ತೆ ಅಂತ ಕೇಳಿದ್ರೆ ಅಂಗಡಿಯವ್ರು ಹೇಳೋ 8 ಗಂಟೆ 10 ಗಂಟೆ ಬಿಡಿ, ಬ್ಯಾಟರಿ ಎಷ್ಟು ವ್ಯಾಟ್-ಅವರ್ ನೋಡಿ. 42 ಇದ್ದು ಸಿನಿಮಾಕ್ಕೆ 8 ವ್ಯಾಟ್ ಎಳೆದ್ರೆ ಐದು ಗಂಟೆ ಚಿಲ್ಲರೆ. 50ರ ಮೇಲಿದ್ರೆ ತಗೊಳ್ಳಿ. ಟೈಪ್-ಸಿ ಚಾರ್ಜಿಂಗ್ ಇದ್ಯಾ ನೋಡಿ, ಮಳೇಲಿ ಚಾರ್ಜರ್ ಕೆಟ್ರೆ ಗೋಣಿಕೊಪ್ಪದಲ್ಲೇ 65 ವ್ಯಾಟಿಂದು ಸಿಗುತ್ತೆ, ದುಂಡು ಪಿನ್ನಿಂದಾದ್ರೆ ಮೈಸೂರೇ ಗತಿ. ವಾರಂಟಿ ಆನ್‌ಸೈಟ್ (ಮನೆಗೇ ಬಂದು ರಿಪೇರಿ ಮಾಡೋದು) ಅಂತಾರೆ, ನಿಮ್ಮ ಪಿನ್‌ಕೋಡಿಗೆ ಬರ್ತಾರಾ ಅಂತ ದುಡ್ಡು ಕೊಡೋ ಮೊದಲು ಕಂಪನಿ ನಂಬರಿಗೇ ಫೋನ್ ಮಾಡಿ ಕೇಳಿ, ಅಂಗಡಿಯವ್ರ ಬಾಯಿಮಾತು ಬೇಡ.

ನಾಪೋಕ್ಲು_ತೋಟದಮನೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಶನಿವಾರ ಪೆನ್‌ಡ್ರೈವ್ ಹಿಡ್ಕೊಂಡು ಹೋಗಿದ್ವಿ, ಜೊತೆಗೆ ಅಮ್ಮನ್ನೂ ಕರ್ಕೊಂಡು ಹೋದೆ. ಐ5ಇಂದರಲ್ಲಿ ತಂಗಿ ಮದುವೆ ವಿಡಿಯೋ ಹಾಕಿದಾಗ ಅಮ್ಮನೇ ಹೇಳಿದ್ರು, ಇದು ಅವಳ ಸೀರೆ ಬಣ್ಣ ಅಲ್ಲ ಅಂತ. ಡಬ್ಬದ ನಂಬರ್ ಹುಡುಕಿದ್ರೆ 45 ಪರ್ಸೆಂಟ್ ಪ್ಯಾನೆಲ್ಲೇ, ರೈಜನ್‌ದೂ ಅದೇ. ಮೂರನೇದೊಂದು ಒಳಗಿಂದ ತೆಗೆಸಿದ್ವಿ, ಐ5-1335ಯು, 100 ಪರ್ಸೆಂಟ್ ಎಸ್‌ಆರ್‌ಜಿಬಿ, 300 ನಿಟ್ಸ್, ಟೈಪ್-ಸಿ ಚಾರ್ಜಿಂಗ್, 8 ಜಿಬಿ ಒಂದೇ ಸ್ಟಿಕ್, ಒಂದು ಸ್ಲಾಟ್ ಖಾಲಿ. ಬ್ಯಾಟರಿ 47 ವ್ಯಾಟ್-ಅವರ್. ಗ್ರಾಫಿಕ್ಸ್ ಹೆಸರು ಐರಿಸ್ ಎಕ್ಸ್‌ಇ ಅಂತ ಇರ್ಬೇಕಿತ್ತು, ಬರೀ ಯುಎಚ್‌ಡಿ ಅಂತ ತೋರಿಸ್ತು, ಇದು ಬೇರೆ ಮಾಲೋ ಅಂತ ಅನುಮಾನ ಬಂದು ದುಡ್ಡು ಕೊಡದೆ ವಾಪಸ್ ಬಂದೆ.

ಸೋಮವಾರಪೇಟೆ_ಬೆಂಗಳೂರು:

ಬೇರೆ ಮಾಲಲ್ಲ, ಒಂದೇ ಸ್ಟಿಕ್ ಇದ್ರೆ ಅದು ಯುಎಚ್‌ಡಿ ಅಂತಲೇ ತೋರಿಸೋದು, ಎರಡನೇದು ಹಾಕಿ ಆನ್ ಮಾಡಿದ್ರೆ ಹೆಸರು ಐರಿಸ್ ಎಕ್ಸ್‌ಇ ಅಂತ ಬದಲಾಗುತ್ತೆ. ಅಂಗಡೀಲೇ ಹಾಕಿಸಿ ಆ ಹೆಸರು ಬಂದ್ಮೇಲೆ ದುಡ್ಡು ಕೊಡಿ. ಎವಿ1 ಕೂಡ ಇದರಲ್ಲಿ ಸರಿ ಇದೆ, ಬಿಡಬೇಡಿ.

ಕುಶಾಲನಗರ_ಸ್ಟುಡಿಯೋ:

ಹಳೇ ಹಾರ್ಡ್‌ಡಿಸ್ಕಲ್ಲಿರೋ ಫೋಟೋನ ಹೊಸದಕ್ಕೆ ಕಾಪಿ ಮಾಡೋ ತನಕ ಹಳೇದನ್ನ ಯಾರಿಗೂ ಕೊಡಬೇಡಿ, ಕಾಪಿ ಆದ್ಮೇಲೂ ಆ ಡಿಸ್ಕ್ ತೆಗೆದು ಒಂದು ಕೇಸಿಗೆ ಹಾಕಿ ಒಣಗಿದ ಜಾಗದಲ್ಲಿಡಿ. ಮದುವೆ ವಿಡಿಯೋ ಒಂದೇ ಕಡೆ ಇಟ್ಟು ಕಳ್ಕೊಂಡು ಅಳ್ತಾ ನನ್ನ ಹತ್ರ ಬಂದೋರನ್ನ ನೋಡಿದ್ದೀನಿ.

ನಾಪೋಕ್ಲು_ತೋಟದಮನೆ:

ಹಾಗೇ ಮಾಡ್ತೀನಿ. ಕಂಪನಿಗೆ ಫೋನ್ ಮಾಡ್ದೆ, ನಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಇದೆ ಅಂದ್ರು, ಅದನ್ನೇ ಮೇಲ್ ಮಾಡಿ ಅಂತ ಕೇಳಿದ್ದೀನಿ. ಮೇಲ್ ಬಂದ್ರೆ ಬುಧವಾರ ಹೋಗಿ ರ‍್ಯಾಮ್ ಹಾಕಿಸ್ಕೊಂಡು ತರ್ತೀನಿ. ಟೀಚರ್, ನೀವು ತಂದ ಸೌಂಡ್‌ಬಾರ್ ವೈರಿಂದಾ ಬ್ಲೂಟೂತಾ?

ಭಾಗಮಂಡಲ_ಟೀಚರ್:

ಎರಡೂ ಇದೆ, ಆದ್ರೆ ಸಿನಿಮಾಕ್ಕೆ ವೈರೇ ಹಾಕಿ, ಬ್ಲೂಟೂತಲ್ಲಿ ಕೆಲವು ಸಲ ತುಟಿ ಮೊದಲು ಮಾತು ಆಮೇಲೆ ಬರುತ್ತೆ.