‘ಸರಾಸರಿಗಿಂತ ಶೇಕಡಾ ವ್ಯತ್ಯಾಸ’: ಯಾವ ಸರಾಸರಿ, ಎಂಥ ವ್ಯತ್ಯಾಸ?

ಮಾನ್ಯರೇ,

ತಾಲ್ಲೂಕುವಾರು ಮಳೆಯ ಪಟ್ಟಿಯೊಂದಕ್ಕೆ ಕನ್ನಡದ ತಲೆಬರಹಗಳನ್ನು ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಲೆಕ್ಕವೆಲ್ಲ ಎಕ್ಸೆಲ್‌ನ ಪಿವೊಟ್ ಟೇಬಲ್‌ನಲ್ಲಿದೆ (ಅಂಕಿಗಳನ್ನು ಗುಂಪುಗೂಡಿಸಿ ಮೊತ್ತ, ಸರಾಸರಿಗಳನ್ನು ತೆಗೆದುಕೊಡುವ ಪಟ್ಟಿ ಅದು). ಒಂದು ಅಂಕಣಕ್ಕೆ ‘ಸರಾಸರಿಗಿಂತ ಶೇಕಡಾ ವ್ಯತ್ಯಾಸ’ ಎಂದು ಬರೆದರೆ ಸಾಕೇ? ಸಾಲದು ಎಂದು ನನಗನ್ನಿಸುತ್ತದೆ.

ಒಂದು ತಾಲ್ಲೂಕಿನ ಮೂರು ಮಳೆಮಾಪನ ಕೇಂದ್ರಗಳಲ್ಲಿ 60, 70, 80 ಮಿ.ಮೀ. ಮಳೆಯಾಗಿದೆ ಎನ್ನಿ. ಪಕ್ಕದ ತಾಲ್ಲೂಕಿನಲ್ಲಿರುವುದು ಒಂದೇ ಕೇಂದ್ರ, ಅಲ್ಲಿ 30. ಪಿವೊಟ್ ಟೇಬಲ್‌ನ ಕೊನೆಯ ಸಾಲು ನಾಲ್ಕೂ ಕೇಂದ್ರಗಳನ್ನು ಕೂಡಿಸಿ, ಭಾಗಿಸಿ 60 ಎಂದು ತೋರಿಸುತ್ತದೆ. ತಾಲ್ಲೂಕುಗಳ ಸರಾಸರಿಗಳಾದ 70 ಮತ್ತು 30ರ ಸರಾಸರಿ ತೆಗೆದರೆ 50 ಬರುತ್ತದೆ. ಮೊದಲ ತಾಲ್ಲೂಕಿನ ಮಳೆ 60ಕ್ಕಿಂತ ಶೇ 16.7 ಹೆಚ್ಚು, 50ಕ್ಕಿಂತ ಶೇ 40 ಹೆಚ್ಚು. ಎರಡೂ ಸರಿ, ಎರಡಕ್ಕೂ ಅದೇ ತಲೆಬರಹ!

‘ವಾಡಿಕೆ’ ಎಂದು ಬರೆದು ಪಾರಾಗುವಂತೆಯೂ ಇಲ್ಲ. ಹವಾಮಾನ ಇಲಾಖೆಯ ವಾಡಿಕೆ ಮಳೆ ಹಲವು ದಶಕಗಳ ಸರಾಸರಿ. ಈಗ 1971ರಿಂದ 2020ರವರೆಗಿನದು. ಜಿಲ್ಲೆಯ ಮಳೆ ಅದಕ್ಕಿಂತ ಶೇ 19ರವರೆಗೆ ಹೆಚ್ಚಾದರೂ ಕಡಿಮೆಯಾದರೂ ವಾಡಿಕೆ ಎಂದೇ ಲೆಕ್ಕ. ನನ್ನ ಪಟ್ಟಿಯದು ಈ ವರ್ಷದ ಕೇಂದ್ರಗಳ ಸರಾಸರಿ ಮಾತ್ರ.

ಇನ್ನು ಲೆಕ್ಕದ ದಾರಿ. ಪಿವೊಟ್ ಟೇಬಲ್‌ನಲ್ಲಿ ಶೇಕಡಾ ವ್ಯತ್ಯಾಸ ಕೇಳಿದರೆ ಹೋಲಿಕೆಗೆ ಯಾವುದಾದರೂ ಒಂದು ತಾಲ್ಲೂಕನ್ನೋ ಹಿಂದಿನ ಸಾಲನ್ನೋ ಆರಿಸಬಹುದು, ಕೊನೆಯ ಸಾಲಿನ ಸರಾಸರಿಯನ್ನು ಆರಿಸಲಾಗದು. ಹಾಗಾಗಿ ಅಂಕಣದ ಮೊತ್ತದ ಶೇಕಡಾವಾರನ್ನು ತೋರಿಸುವ ಆಯ್ಕೆಯನ್ನು ಬಳಸಿ, ಹೊರಗೆ 100 ಕಳೆಯುವುದು ರೂಢಿ. ಸರಾಸರಿಗಳ ಪಟ್ಟಿಯಲ್ಲಿ ಆ ‘ಮೊತ್ತ’ ಎಂದರೆ ಕೊನೆಯ ಸಾಲಿನ ಸರಾಸರಿ 60 ಆದ್ದರಿಂದ, ಅಲ್ಲಿ ಮೊದಲ ತಾಲ್ಲೂಕಿಗೆ 116.7 ಬರುತ್ತದೆ. ಕಳೆಯುವ ಮೊದಲೇ ಅದನ್ನು ‘ಸರಾಸರಿಗಿಂತ ಶೇ 116.7ರಷ್ಟು ಹೆಚ್ಚು’ ಎಂದು ಬರೆದರೆ 70 ಮಿ.ಮೀ. ಮಳೆ ಓದುಗರ ಲೆಕ್ಕದಲ್ಲಿ 130 ಆಗುತ್ತದೆ. ಎರಡನೆಯ ತಾಲ್ಲೂಕಿಗೆ ಬರುವುದು 50. ‘ಸರಾಸರಿಯ ಶೇ 50’ ಎಂದರೂ ‘ಸರಾಸರಿಗಿಂತ ಶೇ 50 ಕಡಿಮೆ’ ಎಂದರೂ ಅಲ್ಲಿ ಒಂದೇ. ತಪ್ಪು ಅಡಗಿ ಕೂರಲು ಇದಕ್ಕಿಂತ ಒಳ್ಳೆಯ ಸಂಖ್ಯೆ ಸಿಗಲಾರದು.

ಅಂದರೆ ಭಾರವೆಲ್ಲ ‘ಸರಾಸರಿಯ’ ಮತ್ತು ‘ಸರಾಸರಿಗಿಂತ’ ಎಂಬ ಎರಡು ರೂಪಗಳ ಮೇಲಿದೆ. ‘ಸರಾಸರಿಗಿಂತ ಶೇ 80ರಷ್ಟು ಮಳೆ’ ಎಂದು ಅವಸರದಲ್ಲಿ ಬರೆದ ವಾಕ್ಯಕ್ಕೆ ನನಗಂತೂ ಅರ್ಥವೇ ಹೊಳೆಯುವುದಿಲ್ಲ.

‘ವಿಚಲನೆ’ ಎಂಬ ಪದವಿದೆ. ಸಂಖ್ಯಾಶಾಸ್ತ್ರದವರು ಅದನ್ನು ‘ಮಾನಕ ವಿಚಲನೆ’ಯಲ್ಲಿ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಬಳಸುವುದರಿಂದ ಇಲ್ಲಿ ಬೇಡವೆನಿಸಿತು. ಸದ್ಯಕ್ಕೆ ‘ಎಲ್ಲ ಕೇಂದ್ರಗಳ ಸರಾಸರಿಗಿಂತ ಹೆಚ್ಚು/ಕಡಿಮೆ, ಶೇಕಡಾ’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ನಿಜ.

ಇನ್ನೊಂದು ಅನುಮಾನ ವ್ಯಾಕರಣದ್ದು. ‘ಗಿಂತ’ ಬಂದರೆ ಮುಂದೆ ಹೆಚ್ಚು, ಕಡಿಮೆ, ಮೇಲು ಇಂಥ ಮಾತನ್ನು ಕಿವಿ ನಿರೀಕ್ಷಿಸುತ್ತದೆ. ‘ವ್ಯತ್ಯಾಸ’ಕ್ಕೆ ‘ಇದಕ್ಕೂ ಅದಕ್ಕೂ’ ಎಂಬ ಜೋಡಿಯೇ ಸಹಜ. ಹಾಗಿರುವಾಗ ‘ಸರಾಸರಿಗಿಂತ ವ್ಯತ್ಯಾಸ’ ಎಂಬ ಪ್ರಯೋಗವೇ ಸಾಧುವೇ? ‘ಸರಾಸರಿಯಿಂದ ವ್ಯತ್ಯಾಸ’ ಎನ್ನಬಹುದೇ? ಬಲ್ಲವರು ತಿಳಿಸಬೇಕು.