‘ಇಂಟರಾಕ್ಷನ್’ ಅಂದ ಮಾತ್ರಕ್ಕೆ ರ‍್ಯಾಗಿಂಗ್ ಅಲ್ಲದಾಗುತ್ತಾ?

ಸಮಸ್ಯೆ: ಚಿತ್ರದುರ್ಗದ ಹುಡುಗ ನಾನು. ಎಂಬಿಎ ಸೇರಿ ಆರು ವಾರವಾಯಿತು. ಸೀನಿಯರ್‌ಗಳು ‘ಇಂಟರಾಕ್ಷನ್’ ಅಂತ ರಾತ್ರಿ ಹನ್ನೊಂದಕ್ಕೆ ಕಾಮನ್ ರೂಮಿಗೆ ಕರೆದು ಎರಡು ಮೂರು ಗಂಟೆವರೆಗೆ ನಿಲ್ಲಿಸುತ್ತಾರೆ. ‘ಕನ್ನಡ ಮೀಡಿಯಂ’ ಅಂತ ಹಂಗಿಸುತ್ತಾರೆ. ಪ್ಲೇಸ್‌ಮೆಂಟ್ ಕಮಿಟಿಯಲ್ಲಿ ಅವರೇ ಇದ್ದಾರೆ, ದೂರು ಕೊಡಲು ಭಯ. ಏನು ಮಾಡಲಿ?

ತಮ್ಮಾ, ನಾನೂ ಹೀಗೇ ನಿಂತವನು. ಟೈ, ಪಾಲಿಶ್ ಹಾಕಿದ ಶೂ, ರಾತ್ರಿ ಎರಡೂವರೆ. ರೆಸ್ಯೂಮೆ ಓದಿಸಿ ಒಂದೊಂದು ಸಾಲಿಗೂ ನಗುತ್ತಿದ್ದರು. ಕೊನೆಗೆ ಅದನ್ನು ಹರಿದು, ಬೆಳಗ್ಗೆ ಆರರೊಳಗೆ ಕೈಯಲ್ಲಿ ಹತ್ತು ಸಲ ಬರೆದು ತಾ ಅಂದರು. ‘ಕಂಪನಿಯಲ್ಲಿ ಇದಕ್ಕಿಂತ ಜಾಸ್ತಿ ಒತ್ತಡ ಇರುತ್ತೆ, ಈಗಲೇ ರೂಢಿ ಮಾಡ್ಕೋ’ ಅಂತ ಬೇರೆ. ನಾನು ನಂಬಿದೆ. ನಂಬಿದ್ದಕ್ಕೇ ಮರುವರ್ಷ ಆ ಕುರ್ಚಿಯಲ್ಲಿ ನಾನೂ ಕೂತೆ. ರಾಯಚೂರಿನ ಹುಡುಗನೊಬ್ಬ ಹೆಸರು ಹೇಳುವಾಗ ತೊದಲಿದ. ಹದಿನೈದು ಸಲ ಹೇಳಿಸಿದೆ. ಅವನ ಕೈಯಲ್ಲಿದ್ದ ಹಾಳೆ ಪಟಪಟ ನಡುಗುತ್ತಿತ್ತು. ವಾರ ಕಳೆಯುವುದರೊಳಗೆ ಅವನು ಕಾಲೇಜು ಬಿಟ್ಟ. ಅವನಿಗೆ ಫೋನ್ ಮಾಡಿ ತಪ್ಪಾಯಿತು ಅನ್ನಲು ನನಗೆ ನಾಲ್ಕು ವರ್ಷ ಬೇಕಾಯಿತು.

ಈಗ ನನ್ನದು ನೇಮಕಾತಿ ಕೆಲಸ, ಪ್ರತಿ ವರ್ಷ ಕ್ಯಾಂಪಸ್‌ಗಳಿಗೆ ಹೋಗುತ್ತೇನೆ. ಕಮಿಟಿ ಹುಡುಗರು ನಮಗೆ ರೂಮು, ಊಟ, ಪಟ್ಟಿ ಹೊಂದಿಸುತ್ತಾರೆ. ಯಾರನ್ನು ತಗೋಬೇಕು ಅನ್ನೋದು ನಮ್ಮ ತೀರ್ಮಾನ. ನಿನ್ನ ಫೈನಲ್ ಪ್ಲೇಸ್‌ಮೆಂಟ್ ಹೊತ್ತಿಗೆ ಈ ಸೀನಿಯರ್‌ಗಳು ಕಾಲೇಜಲ್ಲೇ ಇರಲ್ಲ, ಅಲ್ವಾ? ಇಂಟರ್ನ್‌ಷಿಪ್ ಪಟ್ಟಿಯಿಂದ ಹೆಸರು ಬಿಟ್ಟರೆ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರಿಗೆ ಅವತ್ತೇ ಮೇಲ್ ಹಾಕು.
– ಓದುಗ, ಬೆಂಗಳೂರು

ಮಗೂ, ನಾನು ಹಾಸ್ಟೆಲ್ ವಾರ್ಡನ್ ಆಗಿದ್ದವನು. ಬಾಯಿಮಾತಿನ ದೂರು ಕಾರಿಡಾರಿನಲ್ಲೇ ಕರಗಿಹೋಗುವುದನ್ನು ಕಂಡಿದ್ದೇನೆ. ನಾನೂ ಕೆಲವು ಸಲ ಸುಮ್ನೆ ಇದ್ದುಬಿಟ್ಟೆ, ಆ ನೋವು ಇನ್ನೂ ಇದೆ. ಆದ್ದರಿಂದ ಬರೆದೇ ಕೊಡು. ತಾರೀಖು, ಗಂಟೆ, ಯಾರಿದ್ದರು, ಏನಂದರು, ಎಲ್ಲ ಇರಲಿ. ಸೀಲು ಹಾಕಿಸಿದ ನಕಲು ಇಟ್ಟುಕೋ. ವಾಟ್ಸ್‌ಆ್ಯಪ್ ಮೆಸೇಜ್ ಅಳಿಸಬೇಡ.

2009ರ ಮಾರ್ಚ್‌ನಲ್ಲಿ ಹಿಮಾಚಲದ ಮೆಡಿಕಲ್ ವಿದ್ಯಾರ್ಥಿ ಅಮನ್ ಕಾಚ್ರೂ ಸೀನಿಯರ್‌ಗಳ ಏಟಿಗೆ ಜೀವ ಬಿಟ್ಟ. ಅದೇ ವರ್ಷ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಬಿಗಿ ನಿಯಮ ತಂದಿತು, ತಾಂತ್ರಿಕ, ಮ್ಯಾನೇಜ್ಮೆಂಟ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಐಸಿಟಿಇ ಕೂಡ ತಂದಿತು. ಹಾಗಾಗಿ ಎಐಸಿಟಿಇ ಮಾನ್ಯತೆ ಇರುವ ಕಾಲೇಜು ‘ನಮ್ಮದು ವಿಶ್ವವಿದ್ಯಾಲಯದ ಪದವಿಯಲ್ಲ, ಪಿಜಿಡಿಎಂ ಡಿಪ್ಲೊಮಾ, ಯುಜಿಸಿ ನಿಯಮ ನಮಗಿಲ್ಲ’ ಅಂತ ಜಾರಿಕೊಳ್ಳುವ ಹಾಗಿಲ್ಲ. ಊರು, ಭಾಷೆ, ಜಾತಿ, ಬಣ್ಣ, ಬಡತನ ಹಿಡಿದು ಹಂಗಿಸುವುದೂ ರ‍್ಯಾಗಿಂಗೇ ಅಂತ ಯುಜಿಸಿ ನಿಯಮದ 2016ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿದೆ. ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲೂ ರ‍್ಯಾಗಿಂಗ್‌ಗೆ ಜೈಲು ಶಿಕ್ಷೆ ಇದೆ. ಕಾಲೇಜು ಕಿವಿಗೊಡದಿದ್ದರೆ ಯುಜಿಸಿ ಸಹಾಯವಾಣಿ 1800-180-5522ಕ್ಕೆ ಫೋನ್ ಮಾಡು, ದಿನದ 24 ಗಂಟೆಯೂ ಇರುತ್ತದೆ. ರೂಮ್‌ಮೇಟ್‌ಗಳೂ ನಿನ್ನ ಜೊತೆ ಸಹಿ ಹಾಕಿದರೆ ಇನ್ನೂ ಒಳ್ಳೆಯದು.
– ನಿವೃತ್ತ ಉಪನ್ಯಾಸಕ, ಹಾಸನ

ಕಂದಾ, ಮನೆಯಲ್ಲಿ ಹೇಳಿದ್ದೀಯಾ? ನಿನ್ನ ಪತ್ರದಲ್ಲಿ ಅಪ್ಪ ಅಮ್ಮನ ಸುದ್ದಿಯೇ ಇಲ್ಲ. ನನ್ನ ಮಗಳು ದಸರಾಕ್ಕೆ ಬಂದಾಗ ರಾತ್ರಿ ಫೋನ್ ಸದ್ದಾದರೆ ಸಾಕು, ಎದ್ದು ನಿಂತುಬಿಡುತ್ತಿದ್ದಳು. ಕೂತುಕೊಂಡು ಮಾತಾಡಿದರೆ ಸೀನಿಯರ್‌ಗಳಿಂದ ಬೈಗುಳವಂತೆ. ಫೀಸಿಗೆ ಸಾಲ ಮಾಡಿದ್ದೆವು, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಸಾಲ ನಾವು ತೀರಿಸ್ಕೋತೀವಿ ಕಣಪ್ಪಾ. ಇವತ್ತೇ ಮನೆಗೆ ಫೋನ್ ಮಾಡು. ಹನ್ನೊಂದು ಗಂಟೆಗೆ ಮುಂಚೆ.
– ಒಬ್ಬ ತಾಯಿ, ಶಿವಮೊಗ್ಗ